ಅವ್ವ, ಅಪ್ಪ, ನಡುವೆ ಲೆಚ್ಚೆ ಪಟ್ಟಣ

ನಮ್ಮ ಮನೆಯಲ್ಲಿ ನಾನು ಮಾತು ಹೊರುವ ಕೆಲಸಕ್ಕಿದ್ದೆ. ಹುನಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವುದು ನನ್ನ ನೌಕರಿ, ಅದಕ್ಕೆ ಪಗಾರ ಬರುತ್ತಿತ್ತು. ಇಳಕಲ್ಲಿನ ಮನೆಯಲ್ಲಿ ಅವ್ವನ ಮಾತನ್ನು ಅಪ್ಪನಿಗೂ ಅಪ್ಪನ ಮಾತನ್ನು ಅವ್ವನಿಗೂ ಮುಟ್ಟಿಸುವುದು ನನ್ನ ಖರೆ ದುಡಿಮೆ, ಅದಕ್ಕೆ ಬೈಗುಳ ಬರುತ್ತಿತ್ತು. ಇಬ್ಬರೂ ಒಂದೇ ಮಗ್ಗದ ಹತ್ತಿರ ಕೂತಿರುತ್ತಿದ್ದರು, ನಡುವೆ ಒಂದು ಮಾರು ಜಾಗವೂ ಇಲ್ಲ. "ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವು" ಎಂದು ಅವ್ವ. "ನಿಮ್ಮವ್ವಗ ಹೇಳು, ಲಾಳ್ಯಾಗಿನ ಈ ಕಂಡಿಕಿ ನೂಲ ಮುಗಿಸಿ ಏಳತೇನಿ" ಎಂದು ಅಪ್ಪ. ನಾನು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ಎರಡೂ ಮಾತು ಕೇಳಿಸಿರುತ್ತಿದ್ದವು. ಆದರೂ ನಾನು ಹೇಳಲೇಬೇಕಿತ್ತು. ಹೇಳದೆ ಸುಮ್ಮನಿದ್ದರೆ ಅಪ್ಪ ಏಳುತ್ತಿರಲಿಲ್ಲ, ರೊಟ್ಟಿ ಆರಿ ಹಪ್ಪಳವಾಗುತ್ತಿದ್ದವು.

ವಾರವೆಲ್ಲ ನಾನು ಹುನಗುಂದದಲ್ಲಿ ಖೋಲಿ ಮಾಡಿಕೊಂಡಿರುತ್ತಿದ್ದೆ. ಆಗ ನನ್ನ ಕೆಲಸವನ್ನು ಎಮ್ಮೆ ಮಾಡುತ್ತಿತ್ತು. "ಎಮ್ಮೀ, ಚಾ ಆಗೇತಿ, ಯಾರಿಗರ ಬೇಕಾದ್ರ ಕುಡೀಲಿ" ಎಂದು ಅವ್ವ ಹಿತ್ತಿಲಿಗೆ ಮುಖ ಮಾಡಿ ಕೂಗುತ್ತಿದ್ದಳು. ಅಪ್ಪ ಗೋಡೆಗೆ ಹೇಳುತ್ತಿದ್ದ. ಎಮ್ಮೆ ಮತ್ತು ಗೋಡೆಯ ಕೈಲಿ ಆಗದ ದೊಡ್ಡ ಮಾತುಗಳು ಶನಿವಾರದವರೆಗೆ ಕಾಯುತ್ತಿದ್ದವು. ನಾನು ಬಸ್ಸಿಳಿದು ಒಳಗೆ ಚಪ್ಪಲಿ ಬಿಡುವುದರೊಳಗೆ ಎರಡೂ ಕಡೆಯಿಂದ ಶುರು. ಒಮ್ಮೆ ಸಿಟ್ಟು ನೆತ್ತಿಗೇರಿ, "ಮೊದಲ ನನಗ ನೀರ ಕೊಡ್ರಿ, ಆಮ್ಯಾಲೆ ನಿಮ್ಮ ಸುದ್ದಿ" ಎಂದೆ. ಅವ್ವ ಹೇಳಿದಳು, "ನಿಮ್ಮಪ್ಪಗ ಹೇಳು, ಹುಡುಗಿಗೆ ನೀರ ಕೊಡ್ರಿ ಅಂತ."

ಈ ಮೌನಕ್ಕೆ ಕಾರಣ ಒಂದು ಸೀರೆ. ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಬೇರೆ ಹಾಸು, ಕೆಂಪು ಸೆರಗಿಗೆ ರೇಷ್ಮೆಯ ಬೇರೆ ಹಾಸು. ಆ ಎರಡು ಹಾಸಿನ ಎಳೆಗಳನ್ನು ಒಂದೊಂದಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಅವ್ವನ ಕೆಲಸ, ಅದರಲ್ಲಿ ಅವಳ ಕೈ ಊರಿಗೇ ಹೆಸರಾದದ್ದು. ನೇಯುತ್ತ ನೇಯುತ್ತ ಕೊಂಡಿ ಹತ್ತಿರ ಬಂದಾಗ ಒಬ್ಬರು ಅಂಗೈ ಚಾಚಿ ಎಳೆಗಳನ್ನು ಸವರಿ ಹಿಡಿಯಬೇಕು, ನೇಯುವವರು ಎಳೆ ಬಡಿಯುವ ಹಲಗೆಯನ್ನು ಮೆತ್ತಗೆ, ಮಗುವಿಗೆ ತಟ್ಟಿದ ಹಾಗೆ ತಟ್ಟಬೇಕು. ಅವತ್ತು ಅಪ್ಪನಿಗೆ ಕಮತಗಿಯಲ್ಲಿ ನಾಟಕ ನೋಡಲು ಹೋಗುವ ಅವಸರ. ಅವ್ವ ಬಂದು ಹಿಡಿಯುವ ತನಕ ತಡೆಯದೆ ದಬ್ ದಬ್ ಎಂದು ಬಡಿದು ಎದ್ದುಬಿಟ್ಟ.

ಸೀರೆ ಗುಡೂರಿನ ನೆಂಟರ ಮದುವೆಗೆ ಹೋಗುವಂಥದ್ದು. ಅವರು ಬಂದು, ಪಡಸಾಲೆಯಲ್ಲಿ ಹತ್ತು ಮಂದಿಯ ಮುಂದೆ ಬಿಚ್ಚಿ ನೋಡಿದರೆ ಮೈಗೂ ಸೆರಗಿಗೂ ನಡುವೆ ಬೆರಳು ತೂರುವಷ್ಟು ಕಂಡಿ. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ತಡಮಾಡದೆ, "ಅದು ನನ್ನ ಕೆಲಸ ಅಲ್ರಿ. ಕೊಂಡಿ ಹಾಕಿದಾಕಿ ನಮ್ಮಾಕಿ" ಎಂದುಬಿಟ್ಟ. ಅವ್ವ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲರಿಗೂ ಚಹಾ ಕೊಟ್ಟಳು, ಅಪ್ಪನಿಗೂ ಕೊಟ್ಟಳು, ಒಳಗೆ ಹೋದಳು. ಅಲ್ಲಿಗೆ ಮಾತು ನಿಂತಿತು. "ಮಂದಿ ಮುಂದ ಅಂದಾರ, ಮಂದಿ ಮುಂದ ತಪ್ಪಾತು ಅನ್ನಲಿ. ಅಲ್ಲಿ ತನಕ ನನಗ ಬಾಯಿಲ್ಲ" ಎಂದು ನನ್ನ ಕೈಲಿ ಹೇಳಿ ಕಳಿಸಿದಳು. ಅದು ನಾನು ಹೊತ್ತ ಮೊದಲ ಮಾತು. ಅಪ್ಪ ಕೇಳಿಸಿಕೊಂಡು ಮಗ್ಗಕ್ಕೆ ಕೂತ. ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಅವ್ವನಿಗೂ ಗೊತ್ತಿತ್ತು. ಹೀಗೆ ಎಲ್ಲ ಗೊತ್ತಿದ್ದುಕೊಂಡೇ ಏಳೆಂಟು ವರ್ಷ ಕಳೆಯಿತು. ಕೆಲಸ ಮಾತ್ರ ಒಂದು ದಿನ ನಿಲ್ಲಲಿಲ್ಲ. ಕೊಂಡಿ ಹತ್ತಿರ ಬಂದಾಗ ಅಪ್ಪ ಒಮ್ಮೆ ಕೆಮ್ಮುತ್ತಿದ್ದ, ಅವ್ವ ಬಂದು ಎಳೆ ಹಿಡಿಯುತ್ತಿದ್ದಳು. ಆ ಕೆಮ್ಮೊಂದೇ ಅವರ ಸಂಸಾರದಲ್ಲಿ ಉಳಿದ ನೇರ ಸಂಭಾಷಣೆ.

ಇದರಲ್ಲಿ ಸಿಕ್ಕಿಬಿದ್ದವಳು ನಾನು. ಬಾಗಲಕೋಟೆಯ ಒಬ್ಬ ಮಾಸ್ತರರು ನನ್ನನ್ನು ನೋಡಿ ಹೋಗಿದ್ದರು. ಅವರಿಗೆ ಒಪ್ಪಿಗೆಯಾಗಿತ್ತು, ನನಗೂ ಆಗಿತ್ತು. ಆದರೆ ಹೂಂ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ನಾನು ಬಾಗಲಕೋಟೆಗೆ ಹೋದರೆ ಇವರಿಬ್ಬರ ಗತಿ? ಎಮ್ಮೆಗೂ ವಯಸ್ಸಾಗಿತ್ತು. ಮಾಸ್ತರರ ಸೋದರಮಾವ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಕಂಡಾಗಲೆಲ್ಲ, "ಅಕ್ಕೋರ, ಏನ್ ಹೇಳಲ್ರಿ ಹುಡುಗಗ?" ಎಂದು ಕೇಳುತ್ತಿದ್ದರು. ನಾನು, "ಸ್ವಲ್ಪ ತಡೀರಿ" ಎನ್ನುತ್ತಿದ್ದೆ. "ಹುಡುಗನ ಕೂದಲ ತಡೀಬೇಕಲ್ರಿ ಅಕ್ಕೋರ" ಎನ್ನುತ್ತಿದ್ದರು ಅವರು.

ಇಂಥದರಲ್ಲಿ, ಎಂಬತ್ತರ ದಶಕದ ನಡುವೆ ಒಂದು ದಿನ, ಕೈಮಗ್ಗದ ಕಚೇರಿಯ ಸಾಹೇಬರು ಜೀಪಿನಲ್ಲಿ ಮನೆಗೆ ಬಂದರು. ಇಟಲಿ ದೇಶದ ದಕ್ಷಿಣಕ್ಕೆ ಲೆಚ್ಚೆ ಎಂಬ ಹಳೇ ಪಟ್ಟಣವಿದೆಯಂತೆ, ಅಲ್ಲಿ ದೇಶದೇಶದ ನೇಕಾರರನ್ನು ಕರೆಸಿ ಪ್ರದರ್ಶನ ಇಡುತ್ತಾರಂತೆ, ಇಳಕಲ್ಲಿನಿಂದ ಒಂದು ಜೋಡಿ ಬೇಕಂತೆ. ಗಂಡ ನೇಯಬೇಕು, ಹೆಂಡತಿ ಕೊಂಡಿ ಹಾಕಬೇಕು. "ನಿಮ್ಮಂಥಾ ಜೋಡಿ ಮತ್ತ ಸಿಗಂಗಿಲ್ಲ" ಎಂದರು ಸಾಹೇಬರು. ಆ ಮಾತು ಖರೆಯಾಗಿತ್ತು. ಅಪ್ಪ ಮೀಸೆ ತಿರುವಿ, "ನಿಮ್ಮವ್ವಗ ಕೇಳು" ಎಂದ. ಅವ್ವ, "ನಿಮ್ಮಪ್ಪ ಹೋದ್ರ ನಾ ಹೋಗತೇನಿ ಅಂತ ಸಾಹೇಬ್ರಿಗೆ ಹೇಳು" ಎಂದಳು. ಸಾಹೇಬರು ಗಾಬರಿಯಾಗಿ ನನ್ನ ಮುಖ ನೋಡಿದರು, ಒಂದು ನಿಮಿಷ ಯೋಚಿಸಿ, "ನೀವೂ ಬರಬೇಕಾಗತದ ಅಕ್ಕೋರ, ಇಂಗ್ಲಿಷ್ ಬರತದಲ್ಲ" ಎಂದರು. ಅವರಿಗೆ ಬೇಕಾದದ್ದು ಇಂಗ್ಲಿಷ್ ಅಲ್ಲವೆಂದು ನನಗೆ ಗೊತ್ತಾಯಿತು.

ಸೊಲ್ಲಾಪುರದ ತನಕ ಒಂದು ರೈಲು, ಮುಂಬಯಿ ತನಕ ಇನ್ನೊಂದು, ಆಮೇಲೆ ವಿಮಾನ, ಆಮೇಲೆ ರೋಮಿನಿಂದ ದಿನವಿಡೀ ಮತ್ತೆ ರೈಲು. ಎಲ್ಲೆಲ್ಲೂ ನಾನು ನಡುವಿನ ಸೀಟಿನಲ್ಲಿ. ವಿಮಾನ ನೆಲ ಬಿಡುವಾಗ ಅವ್ವ ನನ್ನ ಎಡಗೈ ಹಿಡಿದಳು, ಅಪ್ಪ ಬಲಗೈ ಹಿಡಿದ. "ನಿಮ್ಮಪ್ಪಗ ಹೇಳು, ಅಂಜಬ್ಯಾಡ್ರಿ ಅಂತ." "ನಿಮ್ಮವ್ವಗ ಹೇಳು, ನಾ ಎಲ್ಲಿ ಅಂಜೇನಿ ಅಂತ." ಅಪ್ಪನ ಉಗುರಿನ ಗುರುತು ನನ್ನ ಕೈಮೇಲೆ ರೋಮ್ ತನಕ ಇತ್ತು.

ಲೆಚ್ಚೆಗೆ ಇಳಿದಾಗ ನನಗೆ ಮೊದಲು ಅನಿಸಿದ್ದು, ಈ ಊರನ್ನು ಕಟ್ಟಿದವರಿಗೆ ಕೈ ಸುಮ್ಮನಿಡಲು ಬರುತ್ತಿರಲಿಲ್ಲ ಎಂದು. ಊರಿಗೆ ಊರೇ ಒಂದು ಬಣ್ಣ, ಹದವಾಗಿ ಬೆಂದ ಹೋಳಿಗೆಯ ಬಣ್ಣ. ಅಲ್ಲಿಯ ಕಲ್ಲು ಭಾಳ ಮೆದುವಂತೆ, ಗಣಿಯಿಂದ ತೆಗೆದಾಗ ಬಡಿಗನ ಉಳಿಯಿಂದಲೇ ಕೆತ್ತಬಹುದಂತೆ. ಅದು ಗೊತ್ತಾದ ಮೇಲೆ ಅವರನ್ನು ಹಿಡಿಯುವವರು ಯಾರು? ಕಿಟಕಿಗೆ ಹೂಬಳ್ಳಿ, ಬಾಗಿಲಿಗೆ ಹಣ್ಣಿನ ಗೊಂಚಲು, ಕಂಬಕ್ಕೆ ಸಿಂಹ, ಸಿಂಹದ ತಲೆಮೇಲೆ ಕೂಸು, ಕೂಸಿನ ಕೈಯಲ್ಲಿ ಮತ್ತೊಂದು ಹೂಬಳ್ಳಿ. ನಮ್ಮ ಜೊತೆ ರೋಮಿನಿಂದ ಬಂದ ಹುಡುಗಿ ಇಂಗ್ಲಿಷ್ ಬಲ್ಲವಳು. ಈ ಶೈಲಿಗೆ ಬರೋಕ್ ಎನ್ನುತ್ತಾರೆ ಎಂದು ವಿವರಿಸಿದಳು. ನಾನು ಅದನ್ನು ಅಪ್ಪನಿಗೆ ಹೇಳಿದೆ.

"ಖಾಲಿ ಜಾಗಾ ಕಂಡ್ರ ಅಂಜೂ ಮಂದಿ ಕಟ್ಯಾರ" ಎಂದ ಅಪ್ಪ.

ಅವ್ವ ಕತ್ತೆತ್ತಿ ಬಹಳ ಹೊತ್ತು ನೋಡಿ, "ಕಸೂತಿ ಹಾಕಾಕ ಕುಂತ ಹುಡುಗಿಗೆ ಸಾಕು ಅನ್ನಾಕ ಮನ್ಯಾಗ ಹಿರ್ಯಾರು ಇರಲಿಲ್ಲ ಅಂತ ಕಾಣತದ. ನಿಮ್ಮಪ್ಪಗ ಹೇಳು" ಎಂದಳು.

ಪ್ರತಿ ವರ್ಷ ಸಾಲಿ ಹುಡುಗರನ್ನು ಬಾದಾಮಿಗೆ ಕರೆದೊಯ್ದು ಗುಹೆ ತೋರಿಸುವುದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಮಂಗಗಳಿಂದ ಬುತ್ತಿ ಕಾಯುವುದರಲ್ಲೇ ಹೊತ್ತು ಹೋಗಿ ನಾನು ಅಲ್ಲಿಯ ಕಲ್ಲನ್ನು ಸಮಾಧಾನದಿಂದ ನೋಡಿದ್ದೇ ಇಲ್ಲ. ಬಾದಾಮಿಯವರು ಗುಡ್ಡದ ಒಳಗೆ ಹೊಕ್ಕು ಕೆತ್ತಿದರು, ಇವರು ಮನೆ ಕಟ್ಟಿ ಹೊರಗಡೆ ಕೆತ್ತಿದರು. ನನ್ನ ಇತಿಹಾಸ ಜ್ಞಾನ ಅಷ್ಟೇ. ಅದನ್ನು ಆ ರೋಮಿನ ಹುಡುಗಿಗೆ ಹೇಳಿದಾಗ ಅವಳು ಬರೆದುಕೊಂಡಳು. ನನಗೆ ಹೆದರಿಕೆಯಾಯಿತು.

ಪ್ರದರ್ಶನ ಇದ್ದದ್ದು ಒಬ್ಬ ಹಳೇ ಸರದಾರನ ವಾಡೆಯಲ್ಲಿ. ತಲೆಯ ಮೇಲಿನ ಮಾಳಿಗೆಗೆಲ್ಲ ರೆಕ್ಕೆಯ ದೇವದೂತರ ಚಿತ್ರ, ನೆಲಕ್ಕೆ ನುಣುಪು ಕಲ್ಲಿನ ಹಾಸು. ಅಲ್ಲಿ ಮೊದಲ ದಿನವೇ ಅಪ್ಪ ನಮ್ಮ ಮಾನ ಕಳೆದ. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ನೇಯುವವನು ಅದರಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಕಾಲುಮಣೆಗಳನ್ನು ತುಳಿಯುತ್ತ ನೇಯಬೇಕು. ಅಪ್ಪ ಸಭಾಂಗಣದ ನಟ್ಟನಡುವೆ ಹೋಗಿ, ನೆಲಕ್ಕೆ ಕಿವಿಗೊಟ್ಟು, ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದು ನೋಡಿ, "ಇಲ್ಲೆ ತೋಡಬಹುದು. ಹಾರಿ, ಸಲಿಕಿ ತರಾಕ ಹೇಳು" ಎಂದ.

ನಾನು ಹುಡುಗಿಗೆ ಹೇಳಿದೆ. ಅವಳು ನನ್ನನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ವಾಡೆಯ ಬೀಗದ ಕೈ ಇಟ್ಟುಕೊಂಡಿದ್ದ ಮುದುಕನಿಗೆ ಇಟಲಿಯ ಮಾತಿನಲ್ಲಿ ಹೇಳಿದಳು. ಮುದುಕ ಎದೆ ಹಿಡಿದುಕೊಂಡ. ಆಮೇಲೆ ಓಡಿ ಬಂದು, ಅಪ್ಪ ಬಡಿದ ಕಲ್ಲಿನ ಮೇಲೆ ಎರಡೂ ಕೈ ಅಗಲಿಸಿ ನಿಂತುಬಿಟ್ಟ. ಅಪ್ಪನಿಗೆ ಅವನ ಗಾಬರಿ ಅರ್ಥವೇ ಆಗಲಿಲ್ಲ. "ಹೋಗೂ ಮುಂದ ಮುಚ್ಚಿ, ಸಗಣಿ ಸಾರಿಸಿ ಕೊಡತೇನಿ ಅಂತ ಹೇಳು" ಎಂದ. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಕೊನೆಗೆ ಬಡಿಗರನ್ನು ಕರೆಸಿ ಎದೆಮಟ್ಟದ ಮರದ ಅಟ್ಟ ಕಟ್ಟಿಸಿ, ಅದರಲ್ಲೊಂದು ಕಂಡಿ ಬಿಡಿಸಿ, ಕಚೇರಿಯವರು ಬಿಚ್ಚಿ ಕಳಿಸಿದ್ದ ಮಗ್ಗವನ್ನು ಅದರ ಮೇಲೆ ಕೂಡಿಸಿದರು. ಅಪ್ಪ ಪೀಠವೇರಿದ ಸ್ವಾಮಿಗಳ ಹಾಗೆ ಮೇಲೆ ಕೂತ. ಬಂದ ಜನರೆಲ್ಲ ಕತ್ತೆತ್ತಿ ನೋಡಬೇಕಾಯಿತು. ಅದು ಅವನಿಗೆ ಭಾಳ ಹಿಡಿಸಿತು. "ನಿಮ್ಮಪ್ಪಗ ಹೇಳು, ಅಲ್ಲಿಂದ ಬಿದ್ರ ಎತ್ತಾಕ ನಾ ಬರಂಗಿಲ್ಲ" ಎಂದಳು ಅವ್ವ.

ಎರಡು ದಿನ ಕಳೆದ ಮೇಲೆ ರೋಮಿನ ಹುಡುಗಿ ಬೇರೆ ಊರಿನ ಕೆಲಸವಿದೆ ಎಂದು ಹೊರಟುಹೋದಳು. ಅಲ್ಲಿಂದ ಮುಂದೆ ನನ್ನ ಇಂಗ್ಲಿಷಿಗೆ ಲೆಚ್ಚೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ನಮ್ಮ ಪಾಲಿಗೆ ಉಳಿದವಳು ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ. ಆಳೆತ್ತರದ, ಅಗಲ ಮೈಯ, ಗಂಟಲಿನಲ್ಲೇ ಧ್ವನಿವರ್ಧಕ ಇಟ್ಟುಕೊಂಡ ಹೆಂಗಸು. ಅವಳ ಗಂಡ ಅವಳ ಹೆಗಲಿಗೆ ಬರುತ್ತಿದ್ದ, ಗಂಟಲಲ್ಲಿ ಮಾತ್ರ ಸರಿಸಮ. ಬೆಳಿಗ್ಗೆ ಎದ್ದ ಕೂಡಲೇ ಇಬ್ಬರೂ ಶುರು ಮಾಡುತ್ತಿದ್ದರು. ಪಾತ್ರೆ ಕುಕ್ಕುವುದು, ಕೈ ಕುಣಿಸುವುದು, ದೇವರನ್ನು ಸಾಕ್ಷಿಗೆ ಕರೆಯುವುದು. ಇವತ್ತು ಇಲ್ಲೊಂದು ಹೆಣ ಬೀಳುತ್ತದೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಒಂದೇ ತಾಟಿನಿಂದ ತಿನ್ನುತ್ತ ಕೂತಿರುತ್ತಿದ್ದರು.

ಅವ್ವ ಅವರನ್ನೇ ನೋಡುತ್ತಿದ್ದಳು. ಒಂದು ಮುಂಜಾನೆ ನನಗೆ ಮೆಲ್ಲಗೆ, "ಎಷ್ಟ್ ಚಂದ ಜಗಳಾಡತಾರ ನೋಡಬೇ" ಎಂದಳು. ಅದನ್ನು ಯಾರಿಗೂ ಹೇಳು ಎನ್ನಲಿಲ್ಲ.

ಯಜಮಾನಿಗೆ ನಮ್ಮ ಮನೆಯವರ ಮೌನ ಹೆದರಿಕೆ ಹುಟ್ಟಿಸಿತ್ತು. ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿದು ನಮ್ಮ ಸಲುವಾಗಿ ಮೇಣದ ಬತ್ತಿ ಹಚ್ಚಿದಳು. ಅವ್ವ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯೇ ನಮ್ಮ ಊಟ. ಯಜಮಾನಿ ಒಂದು ದಿನ ಆ ಚಟ್ನಿಯನ್ನು ತನ್ನ ಶ್ಯಾವಿಗೆಯ ಮೇಲೆ ಉದುರಿಸಿಕೊಂಡು ತಿಂದು, ಕಣ್ಣೀರು ಸುರಿಸಿ, ಮತ್ತೆ ಕೈಯೊಡ್ಡಿದಳು. ಅಲ್ಲಿಂದ ಅವಳೂ ಅವ್ವನೂ ಗೆಳತಿಯರು. ಅವ್ವ ಇಳಕಲ್ಲಿನ ಮಾತಿನಲ್ಲಿ, ಅವಳು ಲೆಚ್ಚೆಯ ಮಾತಿನಲ್ಲಿ, ತಾಸುಗಟ್ಟಲೆ ಹರಟೆ. "ಶ್ಯಾವಿಗಿ ಛಲೋ ಬಸೀತೀ ಬಾಯೀ, ಹಾಲು ಬೆಲ್ಲಾ ಹಾಕೂದು ಯಾಕ ಮರತಿ?" ಎಂದು ಅವ್ವ ಕೇಳಿದರೆ ಅವಳು ಉದ್ದಕ್ಕೆ ಉತ್ತರ ಕೊಡುತ್ತಿದ್ದಳು. ನಡುವೆ ನಾನು ಬೇಕಾಗಿರಲಿಲ್ಲ. ಜಗತ್ತಿನಲ್ಲಿ ಎಲ್ಲರ ಜೊತೆಗೂ ನೇರ ಮಾತಾಡಬಲ್ಲ ಈ ಹೆಂಗಸು ಒಬ್ಬನೇ ಒಬ್ಬ ಮನುಷ್ಯನಿಗಾಗಿ ನನ್ನ ಜೀವ ತಿನ್ನುತ್ತಾಳಲ್ಲ ಎಂದು ನನಗೆ ಮೈ ಉರಿಯಿತು.

ಕೊನೆಯ ದಿನ ಬೆಳಿಗ್ಗೆ ಆ ಉರಿ ಹೊರಗೆ ಬಿತ್ತು. ಅವತ್ತೇ ಕೊಂಡಿ ಹಲಗೆಯ ಹತ್ತಿರ ಬರುವ ದಿನ. ಪ್ರದರ್ಶನಕ್ಕೆಂದು ಸೀರೆಯ ಮೈಯನ್ನು ಗಿಡ್ಡ ಮಾಡಿಕೊಂಡಿದ್ದರು. ಅವ್ವ ಲೆಚ್ಚೆಗೆ ಬಂದ ಹೊಸದರಲ್ಲಿ ಜನರೆದುರು ಹಾಕಿದ ಕೊಂಡಿಯನ್ನು ಈಗ ಅಪ್ಪ ನೇಯ್ದು ದಾಟಿಸಬೇಕು, ಊರಿನ ದೊಡ್ಡವರೆಲ್ಲ ಅದನ್ನು ನೋಡಲು ಬರುವವರಿದ್ದರು. ಇಬ್ಬರೂ ಎದ್ದ ಕೂಡಲೇ ಶುರು ಮಾಡಿದರು. "ನಿಮ್ಮವ್ವಗ ಹೇಳು, ಇವತ್ತ ಲಗೂ ತಯಾರಾಗಲಿ." "ನಿಮ್ಮಪ್ಪಗ ಹೇಳು, ನಾ ಯಾವಾಗ ತಡಾ ಮಾಡೇನಿ?" "ನಿಮ್ಮವ್ವಗ ಹೇಳು..."

"ಇಲ್ಲ" ಎಂದೆ ನಾನು. "ಇವತ್ತ ಒಂದ ಮಾತೂ ಹೊರಂಗಿಲ್ಲ. ನಾ ಊರ ನೋಡಾಕ ಹೋಗತೇನಿ. ಬೇಕಾದ್ರ ಇಲ್ಲಿ ಒಂದ್ ಎಮ್ಮಿ ಹುಡಿಕ್ಕೋರಿ."

ಇಬ್ಬರೂ ಬಾಯಿ ತೆರೆದು ನೋಡುತ್ತಿದ್ದಂತೆ ಹೊರಟುಬಂದೆ. ಒಬ್ಬಳೇ ಊರು ನೋಡಲು ಹೊರಟದ್ದು ಅದು ನನ್ನ ಜೀವಮಾನದಲ್ಲೇ ಮೊದಲು. ಓಣಿಗಳು ಎಲ್ಲಿಯೂ ನೇರ ಹೋಗುತ್ತಿರಲಿಲ್ಲ, ಬಾಗಿ ಬಳುಕಿ ಮತ್ತೊಂದು ಚರ್ಚಿನ ಮುಂದೆ ತಂದು ನಿಲ್ಲಿಸುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಚರ್ಚಿನ ಮುಂಗೋಡೆಯನ್ನು ನೋಡುತ್ತ ಮೆಟ್ಟಿಲ ಎದುರು ನಿಂತೆ. ಅಲ್ಲಿ ಒಂದು ಉದ್ದನೆಯ ಸಜ್ಜೆ. ಅದರ ಕೆಳಗೆ ಸಾಲಾಗಿ ಕಲ್ಲಿನ ಮನುಷ್ಯರು, ಮೃಗಗಳು, ಹಕ್ಕಿಗಳು, ಅಷ್ಟೂ ಭಾರವನ್ನು ಬೆನ್ನು ಬಗ್ಗಿಸಿ ಹೊತ್ತುಕೊಂಡಿದ್ದವು. ಒಬ್ಬ ಮುಂಡಾಸಿನವನು ಕಣ್ಣು ಮೇಲೆ ಮಾಡಿ, ಇನ್ನು ನನ್ನ ಕೈಲಾಗದು ಎನ್ನುವ ಹಾಗಿದ್ದ. ಅವನು ನನ್ನ ಬಳಗದವನೇ ಅನಿಸಿತು. ಇಷ್ಟು ಶತಮಾನ ಹೊತ್ತಿದ್ದೀಯಲ್ಲ ಮಾರಾಯ, ಒಮ್ಮೆ ಹೆಗಲು ತೆಗೆದು ನೋಡಬೇಕಿತ್ತು, ಬಹುಶಃ ಸಜ್ಜೆ ತಾನೇ ನಿಲ್ಲುತ್ತಿತ್ತು ಎಂದುಕೊಂಡೆ.

ಮಧ್ಯಾಹ್ನವಾಯಿತು. ಗಂಟೆ ಬಡಿದದ್ದೇ ತಡ ಲೆಚ್ಚೆ ಬಾಗಿಲು ಹಾಕಿಕೊಂಡಿತು. ಅಂಗಡಿ, ಕಚೇರಿ, ಚರ್ಚು, ವಾಡೆ, ಎಲ್ಲ. ಇಳಕಲ್ಲಿನ ಬೇಸಿಗೆಯಲ್ಲೂ ಒಂದು ಸೋಡಾದ ಅಂಗಡಿಯಾದರೂ ತೆರೆದಿರುತ್ತದೆ, ಇಲ್ಲಿ ಬೀದಿಗೆ ಉಳಿದವರು ನಾನು ಮತ್ತು ಎರಡು ಬೆಕ್ಕು. ನಾನು ಮೆಟ್ಟಿಲ ಮೇಲೆ ನೆರಳಿಗೆ ಕೂತೆ. ಮಾತಾಡುವವರಿಲ್ಲ, ಹೇಳು ಎನ್ನುವವರಿಲ್ಲ. ನನ್ನ ತಲೆಯೊಳಗೆ ನನ್ನದೇ ದನಿ ಇದೆ ಎಂದು ನೆನಪಾಯಿತು. ಬಾಗಲಕೋಟೆಯ ಮಾಸ್ತರರು ನೋಡಲು ಬಂದ ದಿನ ಅಡುಗೆ ಬರುತ್ತದೋ ಹಾಡು ಬರುತ್ತದೋ ಎಂದು ಕೇಳಿರಲಿಲ್ಲ. ಅವ್ವ ಅಪ್ಪನ ನಡುವೆ ನಾನು ಓಡಾಡಿದ್ದನ್ನೇ ನೋಡಿ, "ನಿಮಗ ಸುಮ್ಮನ ಕುಂದರಾಕ ಯಾವಾಗರ ಸಿಗತದೇನ್ರಿ?" ಎಂದಿದ್ದರು. ಆ ಮನುಷ್ಯ ನನಗೆ ಬೇಕು ಎಂದು ಅಲ್ಲಿ ಕೂತಾಗ ಸ್ಪಷ್ಟವಾಯಿತು. ಬೇಕು ಎನ್ನುವುದು ಗೊತ್ತಾದ ಕೂಡಲೇ ಅಳು ಬಂತು. ಬೆಕ್ಕುಗಳು ಎದ್ದುಹೋದವು.

ಸಂಜೆ ಬಾಗಿಲುಗಳು ತೆರೆದಾಗ ವಾಡೆಗೆ ಮರಳಿದೆ. ಸಭಾಂಗಣ ಕಿಕ್ಕಿರಿದಿತ್ತು. ಎತ್ತರದ ಜನರ ಬೆನ್ನ ಹಿಂದೆ ತುದಿಗಾಲಲ್ಲಿ ನಿಂತು ಇಣುಕಿದೆ. ಅಪ್ಪ ಅಟ್ಟದ ಮೇಲೆ, ಲಾಳಿ ಕೈಯಲ್ಲಿ ಹಿಡಿದು ಸ್ತಬ್ಧನಾಗಿದ್ದ. ಕೊಂಡಿ ಬಂದುಬಿಟ್ಟಿತ್ತು. ಅವ್ವ ಕೆಳಗೆ ಒಂದು ಕುರ್ಚಿಯ ಮೇಲೆ, ಪಕ್ಕದಲ್ಲಿ ನಮ್ಮ ಯಜಮಾನಿ.

ಅಪ್ಪ ಕೆಮ್ಮಿದ. ಅವ್ವ ಏಳಲಿಲ್ಲ. ಅಪ್ಪ ಇನ್ನೊಮ್ಮೆ, ಗಟ್ಟಿಯಾಗಿ ಕೆಮ್ಮಿದ. ಯಜಮಾನಿ ಅಯ್ಯೋ ಪಾಪ ಎನ್ನುವಂಥ ಮುಖ ಮಾಡಿ, ಅಟ್ಟದ ಏಣಿ ಹತ್ತಿ ಹೋಗಿ ಅವನಿಗೆ ನೀರು ಕುಡಿಸಿದಳು. ಅಪ್ಪ ನೀರು ಕುಡಿದು ಮತ್ತೆ ಕೆಮ್ಮಿದ. ಅವಳು ಅವನ ಬೆನ್ನಿಗೆ ಬೀಸಿ ನಾಲ್ಕು ಬಾರಿಸಿದಳು. ಆಮೇಲೆ ಅವನು ಕೆಮ್ಮುವ ಧೈರ್ಯ ಮಾಡಲಿಲ್ಲ.

ಜನರ ನಡುವೆ ನನ್ನನ್ನು ಹುಡುಕಿದ, ಕಾಣಲಿಲ್ಲ. ಕೊನೆಗೆ ಮೇಲೆ ಮಾಳಿಗೆಯಲ್ಲಿದ್ದ ಬಣ್ಣದ ದೇವದೂತರಿಗೆ ಹೇಳಿದ, "ಕೊಂಡಿ ಬಂದೈತಿ. ಯಾರರ ಬಂದು ಎಳಿ ಹಿಡೀಲಿ."

ಅವ್ವ ಯಜಮಾನಿಯ ಕೈ ಹಿಡಿದು ಹೇಳಿದಳು, "ಬಾಯೀ, ಅವರಿಗೆ ಹೇಳು. ಇಷ್ಟ್ ಮಂದಿ ಮುಂದ ನಾ ಹಿಡಿಯಂಗಿಲ್ಲ. ಏನರ ಹೆಚ್ಚು ಕಮ್ಮಿ ಆದ್ರ ಮತ್ತ ನನ್ನ ಮ್ಯಾಲೆ ಹಾಕತಾರ. ಒಮ್ಮೆ ಮಾನ ಹೋಗೇತಿ, ಅದ ಸಾಕು."

ಆ ಮಹಾತಾಯಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಗಂಡನ ಮೇಲೆ ಹೆಂಡತಿ ಹೇಳುವ ಮಾತಿಗೆ ಭಾಷೆ ಯಾಕೆ ಬೇಕು? ಅವಳು ಎದ್ದು ನಿಂತಳು, ಸೊಂಟಕ್ಕೆ ಕೈ ಇಟ್ಟಳು, ಅಪ್ಪನಿಗೆ ಅದನ್ನು ತನ್ನ ಮಾತಿನಲ್ಲಿ ಮುಟ್ಟಿಸಿದಳು. ಅವ್ವ ಹೇಳಿದ್ದು ನಾಲ್ಕು ಸಾಲು. ಅವಳು ಹೇಳಿದ್ದು ಒಂದು ಪುರಾಣ. ನಾನು ಅಷ್ಟು ವರ್ಷ ಮಾತು ಹೊತ್ತರೂ ನನ್ನದೆಂದು ಒಂದು ಶಬ್ದ ಸೇರಿಸಿರಲಿಲ್ಲ, ಇವಳು ಕಂತೆ ಕಂತೆ ಸೇರಿಸಿದಳು. ಬೆರಳು ಅಪ್ಪನ ಕಡೆ, ಆಮೇಲೆ ಅವ್ವನ ಕಡೆ, ಆಮೇಲೆ ದೇವರ ಕಡೆ. ಜನರಲ್ಲಿದ್ದ ಹೆಂಗಸರೆಲ್ಲ ಹೌದು ಹೌದು ಎಂದು ಗೋಣು ಹಾಕಿದರು. ಅವಳ ಗಂಡ ಮೂಲೆಯಲ್ಲಿ ತನಗೇ ಬೈದ ಹಾಗೆ ತಲೆ ತಗ್ಗಿಸಿದ್ದ.

ಅಪ್ಪನಿಗೆ ಜೀವಮಾನದಲ್ಲಿ ಯಾರೂ ಹಾಗೆ ಬೈದಿರಲಿಲ್ಲ. ಎರಡೂ ಕೈ ಜೋಡಿಸಿ, "ಆತ್ರೀ ಯವ್ವಾ, ತಪ್ಪಾತು" ಎಂದ.

"ಬಾಯೀ, ಅವರಿಗೆ ಕೇಳು" ಎಂದಳು ಅವ್ವ. "ತಪ್ಪಾತು ಅಂದದ್ದು ನಿನಗೋ ನನಗೋ?"

ಯಜಮಾನಿ ಅದನ್ನೂ ಮುಟ್ಟಿಸಲು ಬಾಯಿ ತೆರೆದಳು. ಅಪ್ಪ ಹೆದರಿ, ಅವಸರದಿಂದ ಅವ್ವನ ಕಡೆ ತಿರುಗಿದ. ಆ ತಿರುಗಿದ ರಭಸಕ್ಕೇ ಇರಬೇಕು, ಮಾತು ಬಂದುಬಿಟ್ಟಿತು.

"ನಿನಗ" ಎಂದ. "ಗುಡೂರವರ ಸೀರಿ... ಅವತ್ತ ಹಲಗಿ ಜೋರ ಬಡದಾಂವ ನಾನ. ನಾಟಕಕ್ಕ ಹೊತ್ತಾಗಿತ್ತು. ನಿನ್ನ ಕೊಂಡಿ ಗಟ್ಟಿನ ಇತ್ತು. ಯಾವತ್ತೂ ಗಟ್ಟಿನ ಇರತೈತಿ."

ಅವ್ವ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ನನ್ನನ್ನು ಹುಡುಕಲಿಲ್ಲ, ಯಜಮಾನಿಯ ಕಡೆಗೂ ನೋಡಲಿಲ್ಲ.

"ಇಲ್ಲಿ ಅಂದ್ರ ಯಾರಿಗ್ರಿ ತಿಳೀತದ?" ಎಂದಳು, ನೇರವಾಗಿ ಅಪ್ಪನಿಗೆ. "ನಮ್ಮೂರಾಗ ಅನ್ರಿ."

"ಅಂತೇನಿ" ಎಂದ ಅಪ್ಪ.

"ಗುಡೂರವರನ್ನ ಕರೆಸಿ ಅನ್ನಬೇಕು."

"ಅಂತೇನಿ ಅಂದೆ ಅಲ್ಲ. ಮೊದಲ ಎಳಿ ಹಿಡಿ ಬಾ, ಹರದ್ರ ಮತ್ತೊಂದು ಹತ್ತು ವರ್ಷ ಕೇಳಬೇಕಾಗತೈತಿ."

ಅವ್ವ ಏಣಿ ಹತ್ತಿದಳು. ಅಂಗೈ ಚಾಚಿ ಎಳೆ ಹಿಡಿದಳು. ಅಪ್ಪ ಹಲಗೆಯನ್ನು ಎಷ್ಟು ಮೆತ್ತಗೆ ತಟ್ಟಿದನೆಂದರೆ ಸದ್ದೇ ಕೇಳಲಿಲ್ಲ. ಕೊಂಡಿ ದಾಟಿತು, ಕೆಂಪು ಸೆರಗು ಶುರುವಾಯಿತು. ಇದೆಲ್ಲ ಇಳಕಲ್ಲಿನ ನೇಯ್ಗೆಯ ಪದ್ಧತಿಯೇ ಇರಬೇಕೆಂದು ತಿಳಿದ ಜನ ಚಪ್ಪಾಳೆ ತಟ್ಟಿದರು. ಒಬ್ಬ ದೊಡ್ಡ ಮನುಷ್ಯರಂತೂ ಕಣ್ಣು ಒರೆಸಿಕೊಂಡರು. ನಾನು ಬೆನ್ನುಗಳ ಹಿಂದೆ ನಿಂತು ನಕ್ಕೆ, ಅತ್ತೆ, ಯಾವುದು ಎಷ್ಟು ಎಂದು ಈಗ ನೆನಪಿಲ್ಲ.

ಮರುದಿನ ರೋಮಿನ ರೈಲು. ಅಭ್ಯಾಸದಂತೆ ನಾನು ನಡುವೆ ಕೂತೆ. ಗಾಡಿ ಬಿಟ್ಟದ್ದೇ ಇಬ್ಬರೂ ನನ್ನ ಮೂಗಿನ ಮುಂದಿನಿಂದ ಜಗಳ ಹೂಡಿದರು. ಗುಡೂರಿನವರನ್ನು ಯಾವ ವಾರ ಕರೆಸುವುದು, ಹೋಳಿಗೆ ಮಾಡುವುದೋ ಬೇಡವೋ, ಏಳೆಂಟು ವರ್ಷ ಹಿಂದೆ ಯಾರು ಯಾರಿಗೆ ಏನು ಅಂದದ್ದು. ಕಟ್ಟಿಟ್ಟ ಮಾತೆಲ್ಲ ಹೊರಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವ್ವ ನನ್ನ ತೊಡೆ ತಟ್ಟಿ, "ನೀ ಆ ಕಡೆ ಎದ್ದು ಕುಂದ್ರಬೇ, ನಿಮ್ಮಪ್ಪ ಅಂದದ್ದು ಕೇಳವಲ್ದು" ಎಂದಳು.

ಎದ್ದು ಎದುರಿನ ಸೀಟಿಗೆ ಹೋದೆ. ಇದಕ್ಕಾಗಿಯೇ ಅಷ್ಟು ವರ್ಷ ದೇವರಿಗೆ ಹರಕೆ ಹೊತ್ತವಳು ನಾನು. ಆದರೂ ಆ ಗಳಿಗೆ ನನಗೆ ಕೆಟ್ಟದೆನಿಸಿತು, ಬಿಟ್ಟುಬಿಟ್ಟರಲ್ಲ ಅನಿಸಿತು. ಹೊರಗೆ ಆಲಿವ್ ಗಿಡಗಳ ತೋಟ ಸರಿಯುತ್ತಿತ್ತು. ಇಬ್ಬರನ್ನೂ ಒಟ್ಟಿಗೆ, ಎದುರಿನಿಂದ, ನಾನು ಹೀಗೆ ನೋಡಿಯೇ ಇರಲಿಲ್ಲ. ಅಪ್ಪನ ಮೀಸೆ ಬೆಳ್ಳಗಾಗಿತ್ತು. ಅವ್ವ ಮಾತಾಡುವಾಗ ಅವನ ತೋಳು ಚಿವುಟುತ್ತಿದ್ದಳು.

"ನಾ ಬಾಗಲಕೋಟಿ ಮಾಸ್ತರಿಗೆ ಹೂಂ ಅಂತೇನಿ" ಎಂದೆ. ಇಬ್ಬರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ರೈಲಿನ ಡಬ್ಬಿ ಬಿರಿಯುವಂತೆ ಹೇಳಬೇಕಾಯಿತು.

ಇಬ್ಬರೂ ಜಗಳ ಬಿಟ್ಟರು. ನನ್ನನ್ನು ನೋಡಿದರು. ಅಪ್ಪನ ಮುಖ ಸಣ್ಣದಾಯಿತು.

"ಈಕಿ ಹೋದ್ರ ಮನ್ಯಾಗ ಮಾತಾಡಾಕ ನನಗ ಯಾರ ಅದಾರ?" ಎಂದ ಅವನು.

ಅವ್ವ ಅವನ ಕಡೆ ಪೂರ್ತಿ ತಿರುಗಿದಳು.

"ಯಾಕ್ರಿ," ಎಂದಳು, "ನಾ ಏನ್ ಸತ್ತೇನೇನು?"